ಕಣ್ಣು ಹೇಗೆ ನೋಡುತ್ತದೆ? ಮನೆಯಲ್ಲೇ ಮಾಡಿ ನೋಡಿದ್ದನ್ನು ಇಲ್ಲಿ ಬರೆಯಿರಿ

ವಿಜ್ಞಾನ ಟೀಚರ್, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕಣ್ಣಿನ ಪಾಠ ಬಂದಾಗಲೆಲ್ಲ ಒಂದು ಬೇಸರ ಕಾಡುತ್ತದೆ. ಪುಸ್ತಕದಲ್ಲಿ ಸೀಳಿದ ಕಣ್ಣಿನ ಚಿತ್ರ, ಬಾಣದ ಗುರುತು, ಬಾಣದ ತುದಿಯಲ್ಲಿ ಹೆಸರು. ಮಕ್ಕಳು ಅದನ್ನು ಚಂದ ಬಿಡಿಸುತ್ತಾರೆ, ಮಾರ್ಕೂ ಬರುತ್ತದೆ. ಆದರೆ ಆ ಚಿತ್ರವನ್ನು ನೋಡಿ ಬಿಡಿಸುತ್ತಿರುವ ತಮ್ಮ ಕಣ್ಣು ಏನು ಮಾಡುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ಈ ಸಲ ಚಿತ್ರಕ್ಕಿಂತ ಮೊದಲು ಪ್ರಯೋಗ ಮಾಡಿಸಬೇಕು ಅಂತಿದ್ದೇನೆ. ದುಡ್ಡು ಕೊಟ್ಟು ತರುವ ಸಾಮಾನು ಬೇಡ. ಸೂರ್ಯನನ್ನು ನೇರ ನೋಡುವುದು, ಕಣ್ಣಿಗೆ ಏನಾದರೂ ಚುಚ್ಚುವುದು, ಒತ್ತುವುದು ಯಾವುದೂ ಬೇಡ. ಇಷ್ಟೇ ನನ್ನ ನಿಯಮ.

ಮೊದಲನೆಯದನ್ನು ನಾನೇ ಹೇಳುತ್ತೇನೆ. ಬಿಳಿ ಕಾಗದದ ಎಡಗಡೆ ಒಂದು ‘ಕ’ ಬರೆಯಿರಿ. ಅದರಿಂದ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಒಂದು ಕಪ್ಪು ಬೊಟ್ಟು ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ‘ಕ’ ಮಾತ್ರ ನೋಡಿ. ಕಾಗದವನ್ನು ನಿಧಾನ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಬೊಟ್ಟು ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವೇ ರೆಟಿನಾ. ಅದರಿಂದ ಮೆದುಳಿಗೆ ನರ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಅದೇ ಅಂಧ ಬಿಂದು. ಫ್ರಾನ್ಸಿನ ಎದ್ಮೆ ಮಾರಿಯೋತ್ ಇದನ್ನು 1660ರ ದಶಕದಲ್ಲಿ ಕಂಡುಹಿಡಿದ.

ಇಲ್ಲಿಗೇ ನಿಲ್ಲಿಸಬೇಡಿ, ಮುಂದಿನದೇ ನನಗೆ ತುಂಬಾ ಇಷ್ಟ. ಅದೇ ಬೊಟ್ಟಿನ ಮೇಲಿಂದ ಸ್ಕೇಲಿಟ್ಟು ಒಂದು ಉದ್ದ ಗೆರೆ ಎಳೆಯಿರಿ. ಈಗ ಬೊಟ್ಟು ಮಾಯವಾದಾಗ ಗೆರೆ ತುಂಡಾಗಿ ಕಾಣುವುದಿಲ್ಲ, ಪೂರ್ತಿ ಕಾಣುತ್ತದೆ. ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಮಾಡಿದರೆ ಆ ಜಾಗದಲ್ಲಿ ಚೌಕಗಳೇ ತುಂಬಿಕೊಳ್ಳುತ್ತವೆ. ಅಲ್ಲಿಂದ ಕಣ್ಣು ಏನನ್ನೂ ಕಳಿಸಿಲ್ಲ. ಹಾಗಾದರೆ ಆ ಗೆರೆ ಎಲ್ಲಿಂದ ಬಂತು?

ನಿಮಗೆ ಗೊತ್ತಿರುವುದನ್ನು ಬರೆಯಿರಿ, ಮಕ್ಕಳ ಪರವಾಗಿ ಕೇಳುತ್ತಿದ್ದೇನೆ.

ಪ್ಲಸ್ ಟು ಹುಡುಗಿ

ಟೀಚರ್, ಈಗಷ್ಟೇ ಮಾಡಿ ನೋಡಿದೆ! ಗೆರೆ ನಿಜವಾಗಿಯೂ ಕೂಡಿಕೊಳ್ಳುತ್ತದೆ. ಬೊಟ್ಟಿನ ಹಾಗೆ ಮನುಷ್ಯರ ತಲೆಯನ್ನೂ ಮಾಯ ಮಾಡಲು ಆಗುತ್ತದಾ?

ವಿಜ್ಞಾನ ಟೀಚರ್, ಬದಿಯಡ್ಕ

ಆಗುತ್ತದೆ. ಅಂಧ ಬಿಂದುವಿನ ಅಗಲ ಸುಮಾರು ಐದೂವರೆ ಡಿಗ್ರಿ, ಎತ್ತರ ಇನ್ನೂ ಸ್ವಲ್ಪ ಜಾಸ್ತಿ. ಆಕಾಶದ ಚಂದ್ರ ಅರ್ಧ ಡಿಗ್ರಿ ಅಗಲ. ಅಂದರೆ ಹತ್ತು ಚಂದ್ರರನ್ನು ಸಾಲಾಗಿ ಇಟ್ಟರೂ ಆ ತೂತಿನೊಳಗೆ ಹಿಡಿಯುತ್ತವೆ. ಎರಡು ಮೀಟರ್ ದೂರದಲ್ಲಿ ತಮ್ಮನನ್ನು ನಿಲ್ಲಿಸು. ಎಡಗಣ್ಣು ಮುಚ್ಚಿ, ಅವನ ತಲೆಯಿಂದ ಎಡಕ್ಕೆ ಅರ್ಧ ಮೀಟರಿಗಿಂತ ಚೂರು ಜಾಸ್ತಿ ದೂರದ ಗೋಡೆಯ ಮೇಲೆ ಒಂದು ಗುರುತನ್ನು ನೋಡು. ಹಿಂದೆ ಮುಂದೆ ಸ್ವಲ್ಪ ಸರಿದರೆ ತಲೆ ಇದ್ದ ಜಾಗದಲ್ಲಿ ಬರೀ ಗೋಡೆ.

ಕಡಲಬದಿ, ಮಂಜೇಶ್ವರ

ಎರಡು ಕಣ್ಣೂ ತೆರೆದಿದ್ದಾಗ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ, ಅದಕ್ಕೇ ದಿನದ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ನಾವು ಬಲೆಯಲ್ಲಿ ಹಿಡಿಯುವ ಬೊಂಡಾಸಿಗೆ (ಸ್ಕ್ವಿಡ್) ಈ ತೂತೇ ಇಲ್ಲ ಗೊತ್ತಾ? ಅದರ ಕಣ್ಣಿನಲ್ಲಿ ನರದ ಎಳೆಗಳು ರೆಟಿನಾದ ಹಿಂಬದಿಯಿಂದ ಹೋಗುತ್ತವೆ. ನಮ್ಮಲ್ಲಿ ಎಳೆಗಳು ಎದುರುಗಡೆ ಹರಡಿವೆ, ಹೊರಗೆ ಹೋಗಬೇಕಾದರೆ ಒಂದು ಕಡೆ ರೆಟಿನಾವನ್ನು ತೂರಿಕೊಂಡೇ ಹೋಗಬೇಕು.

ಇನ್ನೊಂದು. ಸಾರಿನ ಮೀನಿನ ಕಣ್ಣಲ್ಲಿ ಗಟ್ಟಿಯಾದ ಬಿಳಿ ಗುಂಡು ಇರುತ್ತದಲ್ಲ, ಅದೇ ಮಸೂರ. ಮೀನು ಹಸಿ ಇರುವಾಗ ಅದು ಗಾಜಿನಷ್ಟು ತಿಳಿ. ಬೆಂದ ಮೇಲೆ ಮೊಟ್ಟೆಯ ಬಿಳಿಯ ಹಾಗೆ ಪ್ರೋಟೀನು ಗಟ್ಟಿಯಾಗಿ ಬೆಳ್ಳಗಾಗುತ್ತದೆ. ತಾಜಾ ಬಂಗುಡೆಯ ಕಣ್ಣಿನಿಂದ ಮಸೂರ ತೆಗೆದು, ತೊಳೆದು, ಪೇಪರಿನ ಅಕ್ಷರದ ಮೇಲಿಡಿ. ಅಕ್ಷರ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಆ ಗುಂಡನ್ನು ಕೈಯಲ್ಲಿ ಹಿಡಿದರೆ ಮಸೂರ ಅಂದರೆ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಕನ್ನಡಕದಂಗಡಿ, ಕುಂಬಳೆ

ಒಳ್ಳೆಯ ಉದಾಹರಣೆ ಅಣ್ಣಾ. ನಾನು ಆಪ್ಟೋಮೆಟ್ರಿಸ್ಟ್, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ನನ್ನ ಕೆಲಸ, ಸ್ವಲ್ಪ ಸೇರಿಸುತ್ತೇನೆ. ಮೀನಿನ ಮಸೂರ ಗುಂಡಗೆ ಯಾಕೆ, ನಮ್ಮದು ಚಪ್ಪಟೆ ಯಾಕೆ? ಬೆಳಕನ್ನು ಬಾಗಿಸುವ ಶಕ್ತಿಯನ್ನು ಡಯಾಪ್ಟರಿನಲ್ಲಿ ಅಳೆಯುತ್ತೇವೆ, ನಮ್ಮ ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಣ್ಣಿನ ಎದುರಿನ ಪಾರದರ್ಶಕ ಪದರ ಕಾರ್ನಿಯಾದ್ದೇ. ಗಾಳಿಯಿಂದ ಕಾರ್ನಿಯಾಕ್ಕೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ನೀರಿನಿಂದ ಬಂದರೆ ಹೆಚ್ಚುಕಡಿಮೆ ಬಾಗುವುದೇ ಇಲ್ಲ. ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಎಲ್ಲ ಮಸುಕಾಗುವುದು ಇದಕ್ಕೇ. ಮೀನಿಗೆ ಪೂರ್ತಿ ಕೆಲಸ ಮಸೂರವೇ ಮಾಡಬೇಕು, ಹಾಗಾಗಿ ಅದು ಗೋಲಿ.

ಕನ್ನಡಕ ಇರುವ ಮಕ್ಕಳಿಗೆ ಒಂದು ಪ್ರಯೋಗ. ಹಳೆಯ ಆಮಂತ್ರಣ ಪತ್ರಿಕೆಗೆ ಗುಂಡುಸೂಜಿಯಿಂದ ಒಂದು ತೂತು ಹಾಕಿ. ಕನ್ನಡಕ ತೆಗೆದು ಆ ತೂತಿನಲ್ಲಿ ದೂರದ ಬೋರ್ಡು ನೋಡಲಿ. ಅಕ್ಷರ ಥಟ್ಟನೆ ಸ್ಪಷ್ಟವಾಗುತ್ತದೆ, ಸ್ವಲ್ಪ ಕತ್ತಲಾಗಿರುತ್ತದೆ ಅಷ್ಟೇ. ತೂತು ಚಿಕ್ಕದಾದಷ್ಟು ಬೆಳಕಿನ ಹರಡುವಿಕೆ ಕಡಿಮೆ. ನಾವು ಪರೀಕ್ಷೆ ಮಾಡುವಾಗಲೂ ಇದನ್ನೇ ಬಳಸುತ್ತೇವೆ. ತೂತಿನಲ್ಲಿ ದೃಷ್ಟಿ ಸರಿಯಾದರೆ ಸಾಮಾನ್ಯವಾಗಿ ಕನ್ನಡಕದಿಂದ ಸರಿಹೋಗುವ ತೊಂದರೆ. ಆಗದಿದ್ದರೆ ಡಾಕ್ಟರು ಒಳಗೆ ನೋಡಬೇಕು.

ನಕ್ಷತ್ರ ನೋಡುವವ, ಉಪ್ಪಳ

ತೂತಿನ ಮಾತು ಬಂದದ್ದು ಒಳ್ಳೆಯದಾಯಿತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಬಳೆಯ ಆಕಾರ ಚಂದ ಕಂಡಿತ್ತು, ದೂರದೂರಿನಿಂದ ಜನ ಬಂದಿದ್ದರು. ಎಲ್ಲರೂ ಮೇಲೆ ನೋಡುತ್ತಿದ್ದಾಗ ನೆಲದ ಮೇಲೂ ನೋಡಬೇಕಿತ್ತು. ಮರದ ಕೆಳಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಬಳೆ ಬಳೆ! ಒಂದೊಂದು ಸಂದೂ ಒಂದೊಂದು ಸೂಜಿ ತೂತು. ಮಾಮೂಲಿ ದಿನ ಅಡಿಕೆ ತೋಟದೊಳಗೆ ಬೀಳುವ ಉರುಟು ಬೆಳಕೂ ಸೂರ್ಯನ ಚಿತ್ರವೇ. ಹಂಚಿನ ಮಾಡಿನಲ್ಲಿ ಸಣ್ಣ ತೂತಿದ್ದು ಬೆಳಕು ನಾಲ್ಕು ಮೀಟರ್ ದೂರ ಸಾಗಿ ಬಂದು ನೆಲಕ್ಕೆ ಬಿದ್ದರೆ ಆ ಚಿತ್ರ ಮೂರೂಮುಕ್ಕಾಲು ಸೆಂಟಿಮೀಟರ್ ಅಗಲ ಇರುತ್ತದೆ. ತೂತು ಚೌಕ ಇದ್ದರೂ ಚಿತ್ರ ಉರುಟೇ.

ಒಂದು ಕೋಣೆ ಪೂರ್ತಿ ಕತ್ತಲು ಮಾಡಿ, ಕಿಟಕಿಗೆ ರಟ್ಟು ಹೊಡೆದು, ಅದರಲ್ಲಿ ಕಿರುಬೆರಳಿನಷ್ಟು ತೂತು ಬಿಡಿ. ಎದುರಿಗೆ ಬಿಳಿ ಮುಂಡು ಹಿಡಿದರೆ ಅಂಗಳ, ತೆಂಗು, ಹೋಗುವ ಬೈಕು ಎಲ್ಲ ತಲೆಕೆಳಗಾಗಿ ಬಣ್ಣದಲ್ಲಿ ಕಾಣುತ್ತದೆ. ಇಬ್ನ್ ಅಲ್ ಹೈಥಮ್ ಸಾವಿರ ವರ್ಷದ ಹಿಂದೆಯೇ ಇಂಥ ತೂತಿನ ಬೆಳಕನ್ನು ಪರೀಕ್ಷಿಸಿದ್ದ. ನಮ್ಮ ಕಣ್ಣೊಳಗೂ ಚಿತ್ರ ತಲೆಕೆಳಗಾಗಿಯೇ ಬೀಳುತ್ತದೆ ಅಂತ 1604ರಲ್ಲಿ ಕೆಪ್ಲರ್ ಬರೆದ. ಆಮೇಲೆ ಮೆದುಳು ಅದನ್ನು ತಿರುಗಿಸಿ ನೇರ ಮಾಡುತ್ತದೆ.

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ಉಪ್ಪಳದವರೇ, ಕೊನೆಯ ವಾಕ್ಯ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಪ್ಪಿದೆ. ‘ಮೆದುಳು ತಿರುಗಿಸುತ್ತದೆ’ ಅಂತ ಎಲ್ಲ ಕಡೆ ಹೇಳುತ್ತಾರೆ. ಅದು ಮಕ್ಕಳನ್ನು ತಪ್ಪು ದಾರಿಗೆ ಎಳೆಯುತ್ತದೆ. ಮೆದುಳಿನೊಳಗೆ ಒಬ್ಬ ಚಿಕ್ಕ ಮನುಷ್ಯ ಕೂತು ಪರದೆ ನೋಡುತ್ತಿಲ್ಲ. ರೆಟಿನಾದ ಕೆಳಭಾಗಕ್ಕೆ ಬೆಳಕು ಬಿದ್ದರೆ ‘ವಸ್ತು ಮೇಲೆ ಇದೆ’ ಅಂತ ಅರ್ಥ, ಅಷ್ಟೇ ಲೆಕ್ಕ. ತಿರುಗಿಸಲು ಅಲ್ಲಿ ಚಿತ್ರವೇ ಇಲ್ಲ.

ಇದನ್ನು ಮಾಡಿಯೇ ತೋರಿಸಬಹುದು. ಸೂಜಿ ತೂತಿನ ಕಾಗದವನ್ನು ಕಣ್ಣಿಗೆ ಮೂರು ನಾಲ್ಕು ಸೆಂಟಿಮೀಟರ್ ದೂರ ಹಿಡಿದು, ಬಿಳಿ ಮೋಡದ ಕಡೆ ತಿರುಗಿ. ಸೂರ್ಯ ಇರುವ ದಿಕ್ಕು ಬೇಡ. ಈಗ ಒಂದು ಸಪುರ ಕಾಗದದ ಪಟ್ಟಿಯನ್ನು ತೂತಿಗೂ ಕಣ್ಣಿಗೂ ನಡುವೆ, ರೆಪ್ಪೆಗೆ ಹತ್ತಿರದಲ್ಲಿ, ಕೆಳಗಿನಿಂದ ಮೇಲಕ್ಕೆ ತನ್ನಿ. ಕತ್ತಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ! ನಿಮ್ಮ ಕೈ ಏರುತ್ತಿದೆ, ನೆರಳು ಇಳಿಯುತ್ತಿದೆ. ಅಷ್ಟು ಹತ್ತಿರದ ತೂತಿನ ಮೇಲೆ ಕಣ್ಣಿಗೆ ಫೋಕಸ್ ಮಾಡಲು ಆಗುವುದಿಲ್ಲ. ಹಾಗಾಗಿ ಪಟ್ಟಿಯ ನೆರಳು ರೆಟಿನಾದ ಮೇಲೆ ನೇರವಾಗಿಯೇ ಬೀಳುತ್ತದೆ. ನೇರ ಬಿದ್ದದ್ದು ನಮಗೆ ತಲೆಕೆಳಗಾಗಿ ಕಾಣುತ್ತದೆ. ಕೆಪ್ಲರ್ ಹೇಳಿದ್ದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ನನಗೆ ಗೊತ್ತಿಲ್ಲ. ಪುಸ್ತಕಗಳಲ್ಲಿ ಗುಂಡುಸೂಜಿಯಿಂದ ಮಾಡಿ ಅಂತಿರುತ್ತದೆ, ಮಕ್ಕಳ ಕೈಗೆ ಅದನ್ನು ಕೊಡಬೇಡಿ. ಕಾಗದದ ಪಟ್ಟಿ ಸಾಕು.

ನಕ್ಷತ್ರ ನೋಡುವವ, ಉಪ್ಪಳ

ಮಾಷ್ಟ್ರೇ, ಮಾಡಿದೆ. ಕತ್ತಲು ಮೇಲಿನಿಂದಲೇ ಬರುತ್ತದೆ, ನೋಡಿ ಮೈ ಜುಮ್ಮೆಂದಿತು. ಆದರೆ ಒಂದು ಪ್ರಶ್ನೆ ಉಳಿಯಿತು. ಜಾರ್ಜ್ ಸ್ಟ್ರಾಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಲೋಕವನ್ನು ತಿರುಗಿಸಿ ತೋರಿಸುವ ಕನ್ನಡಕ ಹಾಕಿಕೊಂಡು ದಿನಗಟ್ಟಲೆ ಓಡಾಡಿದ್ದನಲ್ಲ? ಅವನಿಗೆ ಅಭ್ಯಾಸವಾಯಿತು ಅಂತಾರೆ. ಅಂದರೆ ಮೆದುಳು ಏನನ್ನೋ ಬದಲಿಸಿತು ತಾನೇ?

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ಬದಲಿಸಿತು. 1897ರಲ್ಲಿ ಅವನ ಲೇಖನ ಬಂತು, ಎಂಟು ದಿನದ ಪ್ರಯೋಗ. ಮೊದಲು ಲೋಟ ಹಿಡಿಯಲೂ ಆಗುತ್ತಿರಲಿಲ್ಲ, ಕೊನೆಗೆ ನಡೆದಾಡುವುದು ಸಲೀಸಾಯಿತು. ಬದಲಾದದ್ದು ಕೈಕಾಲಿಗೂ ಕಣ್ಣಿಗೂ ಇರುವ ಹೊಂದಾಣಿಕೆ ಅಂತ ನಾನು ತಿಳಿದಿದ್ದೇನೆ. ‘ಮೇಲೆ’ ಅನ್ನುವುದನ್ನು ನಾವು ಕೈ ಚಾಚಿ, ಎದ್ದು ಬಿದ್ದು ಕಲಿತದ್ದು ಅಲ್ವಾ? ಕನ್ನಡಿ ನೋಡಿಕೊಂಡು ಕಾಗದದ ಮೇಲೆ ನಕ್ಷತ್ರ ಬಿಡಿಸಲು ಮಕ್ಕಳಿಗೆ ಹೇಳಿ. ಮೊದಲು ಕೈ ಮಾತೇ ಕೇಳುವುದಿಲ್ಲ, ಮಾಡುತ್ತ ಮಾಡುತ್ತ ಕೇಳತೊಡಗುತ್ತದೆ.

ಕೃಷಿಕ, ಪೆರ್ಲ

ನಾನು ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನನಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಹಣ್ಣಡಿಕೆಯ ಗೊನೆ ಯಾವುದು, ಕಾಯಿ ಯಾವುದು ಅಂತ ಕೆಳಗಿನಿಂದ ನೋಡಿ ಹೇಳಲು ಆಗುವುದಿಲ್ಲ. ತಮ್ಮ ‘ಅದೋ ಅಲ್ಲಿ ಕೆಂಪಗಿದೆ’ ಅಂದರೆ ನನಗೆ ಎಲ್ಲ ಒಂದೇ ಬಣ್ಣ. ಅಂಗಳದಲ್ಲಿ ಹರವಿದ ಮೇಲೆ ಕೈಯಲ್ಲಿ ಒತ್ತಿ ನೋಡಿ ಬೇರ್ಪಡಿಸುತ್ತೇನೆ. ಚಿಕ್ಕವನಿದ್ದಾಗ ಚಿತ್ರಕ್ಕೆ ತಪ್ಪು ಬಣ್ಣ ತುಂಬಿದೆ ಅಂತ ಬೈಗುಳ ತಿಂದಿದ್ದೇನೆ. ಇದು ಕಣ್ಣಿನ ರೀತಿ ಅಂತ ಆಗ ಯಾರೂ ಹೇಳಲಿಲ್ಲ. ಟೀಚರ್, ನಿಮ್ಮ ತರಗತಿಯಲ್ಲಿ ಇಂಥ ಹುಡುಗ ಇದ್ದರೆ ದಯವಿಟ್ಟು ಎಲ್ಲರೆದುರು ಪರೀಕ್ಷೆ ಮಾಡಬೇಡಿ.

ಕನ್ನಡಕದಂಗಡಿ, ಕುಂಬಳೆ

ಅಣ್ಣಾ, ಬರೆದದ್ದು ತುಂಬಾ ಒಳ್ಳೆಯದಾಯಿತು. ಬಣ್ಣ ತಿಳಿಯಲು ನಮಗೆ ಮೂರು ಬಗೆಯ ಶಂಕು ಕೋಶಗಳಿವೆ. ಒಂದು ಬಗೆ ಇಲ್ಲದಿದ್ದರೆ ಅಥವಾ ಬೇರೆ ರೀತಿ ಇದ್ದರೆ ಹೀಗಾಗುತ್ತದೆ. ಕೆಂಪು ಹಸಿರಿನ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಆ ತಂತು ಒಂದೇ ಇರುವುದರಿಂದ ಅವರಲ್ಲೇ ಇದು ಜಾಸ್ತಿ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೂ ಹೀಗೇ ಇತ್ತು. ತನ್ನ ಕಣ್ಣೊಳಗಿನ ದ್ರವ ನೀಲಿ ಬಣ್ಣದ್ದಿರಬೇಕು ಅಂತ ಅವನು ನಂಬಿದ್ದ. ಸತ್ತ ಮೇಲೆ ತೆಗೆದು ನೋಡಿ ಅಂದಿದ್ದ. ನೋಡಿದರು, ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟ ಕಣ್ಣಿನ ಡಿಎನ್‌ಎಯನ್ನು 1995ರಲ್ಲಿ ಪರೀಕ್ಷಿಸಿದಾಗ ಹಸಿರಿನ ಶಂಕು ಕೋಶದ ವರ್ಣದ್ರವ್ಯ ಇರಲಿಲ್ಲ ಅಂತ ಗೊತ್ತಾಯಿತು.

ಒಂದು ಉಪಾಯ ಮಾಡಿ ನೋಡಿ. ಕೆಂಪು ಬಣ್ಣದ ಪಾರದರ್ಶಕ ಕಾಗದ ಒಂದು ಕಣ್ಣಿಗೆ ಹಿಡಿದು ಗೊನೆ ನೋಡಿ. ಹಣ್ಣಡಿಕೆ ಬೆಳ್ಳಗೆ ಹೊಳೆಯುತ್ತದೆ, ಹಸಿರು ಕಪ್ಪಾಗುತ್ತದೆ. ಬಣ್ಣ ತಿಳಿಯುವುದಿಲ್ಲ, ಆದರೆ ಬೆಳಕಿನ ವ್ಯತ್ಯಾಸ ತಿಳಿಯುತ್ತದೆ.

ಕೃಷಿಕ, ಪೆರ್ಲ

ಮಗಳ ಕ್ರಾಫ್ಟ್ ಡಬ್ಬಿಯಲ್ಲಿ ಕೆಂಪು ಕಾಗದ ಸಿಕ್ಕಿತು. ಹತ್ತಿರದ ಮರದ ಗೊನೆ ನಿಜಕ್ಕೂ ಬೇರೆಯಾಗಿ ಕಂಡಿತು. ಇಷ್ಟು ವರ್ಷ ಇದು ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ವಿಜ್ಞಾನ ಟೀಚರ್, ಬದಿಯಡ್ಕ

ಅಣ್ಣಾ, ನಿಮ್ಮ ಮಾತು ಮನಸ್ಸಿಗೆ ತಾಗಿತು. ಬಣ್ಣದ ಪ್ರಯೋಗವನ್ನು ಮಕ್ಕಳು ತಮ್ಮ ತಮ್ಮ ಪುಸ್ತಕದಲ್ಲಿ ಬರೆದು ನನಗೆ ಮಾತ್ರ ತೋರಿಸುವ ಹಾಗೆ ಮಾಡುತ್ತೇನೆ.

ಎಲ್ಲರ ಕಣ್ಣೂ ಬಣ್ಣ ಕಳೆದುಕೊಳ್ಳುವ ಹೊತ್ತೊಂದಿದೆ, ಅದನ್ನು ಒಟ್ಟಿಗೆ ನೋಡಬಹುದು. ಮುಸ್ಸಂಜೆಗೆ ದಾಸವಾಳದ ಗಿಡದ ಎದುರು ಕೂರಿಸಿ. ಹಗಲಲ್ಲಿ ಎಲೆಗಿಂತ ಹೂವೇ ಎದ್ದು ಕಾಣುತ್ತದೆ. ಬೆಳಕು ಇಳಿದಂತೆ ಕೆಂಪು ಹೂವು ಕಪ್ಪಾಗುತ್ತ ಹೋಗುತ್ತದೆ, ಎಲೆ ಬೂದುಬಣ್ಣದಲ್ಲಿ ಇನ್ನೂ ಕಾಣುತ್ತಿರುತ್ತದೆ. ಆಗ ಕೆಲಸ ಶಂಕು ಕೋಶಗಳಿಂದ ಮಂದ ಬೆಳಕಿನಲ್ಲಿ ನೋಡುವ ದಂಡ ಕೋಶಗಳ ಕೈಗೆ ಹೋಗುತ್ತಿದೆ. ದಂಡ ಕೋಶಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇದನ್ನು ಗುರುತಿಸಿದವನು ಚೆಕ್ ದೇಶದ ಪುರ್ಕಿಂಜೆ, 19ನೇ ಶತಮಾನದ ಮೊದಲ ಭಾಗದಲ್ಲಿ.

ಸುರಂಗದ ಮನೆ, ಬಾಯಾರು

ಕತ್ತಲಿನ ಮಾತು ಬಂದರೆ ನಮ್ಮ ಕಡೆಯವರು ಸುಮ್ನೆ ಇರಲಿಕ್ಕಾಗುತ್ತದಾ? ನಮ್ಮ ಗುಡ್ಡದ ಸುರಂಗದಿಂದಲೇ ಮನೆಗೂ ತೋಟಕ್ಕೂ ನೀರು. ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ಅಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದರು. ಹೋಗುವ ಕಾಲು ಗಂಟೆ ಮೊದಲೇ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದು. ಒಳಗೆ ಹೋಗಿ ಬಟ್ಟೆ ತೆಗೆದರೆ ಆ ಕಣ್ಣಿಗೆ ಗೋಡೆ, ನೀರಿನ ತೋಡು ಕಾಣುತ್ತದೆ. ಇನ್ನೊಂದು ಕಣ್ಣಿಗೆ ಬರೀ ಕಪ್ಪು. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಎರಡು ಬೇರೆ ಬೇರೆ ಜಾಗದಲ್ಲಿ ಇದ್ದ ಹಾಗೆ ಆಗುತ್ತದೆ. ಮಕ್ಕಳು ಸುರಂಗಕ್ಕೆ ಹೋಗುವುದು ಮಾತ್ರ ಬೇಡ. ಹಾವು, ಬಾವಲಿ ಇರುತ್ತವೆ, ಒಳಗೆ ಗಾಳಿಯೂ ಕಡಿಮೆ. ಮನೆಯ ಕತ್ತಲೆ ಕೋಣೆಯಲ್ಲೇ ಮಾಡಬಹುದು.

ನಕ್ಷತ್ರ ನೋಡುವವ, ಉಪ್ಪಳ

ಬಹಳ ಒಳ್ಳೆಯ ಪ್ರಯೋಗ. ಹೊಂದಾಣಿಕೆ ಬಹುಪಾಲು ಆಯಾ ಕಣ್ಣಿನ ರೆಟಿನಾದಲ್ಲೇ ಆಗುತ್ತದೆ, ಅದಕ್ಕೇ ಎರಡೂ ಬೇರೆ ಬೇರೆ. ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ನಾವು ಕೆಂಪು ಟಾರ್ಚ್ ಬಳಸುವುದು ಇದಕ್ಕೇ.

ಕೃತ್ತಿಕೆಯನ್ನು ನೇರ ನೋಡಿದರೆ ನಕ್ಷತ್ರ ಕಡಿಮೆ ಕಾಣುತ್ತವೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಜಾಸ್ತಿ. ನೇರ ನೋಡುವ ರೆಟಿನಾದ ನಡುಭಾಗದಲ್ಲಿ ದಂಡ ಕೋಶಗಳೇ ಇಲ್ಲ. ಹಗಲಲ್ಲಿ ಇದಕ್ಕೆ ತದ್ವಿರುದ್ಧ. ಸ್ಪಷ್ಟವಾಗಿ ಕಾಣುವುದು ಆ ನಡುಭಾಗದಲ್ಲಿ ಮಾತ್ರ. ಕೈ ಚಾಚಿ ಹೆಬ್ಬೆರಳು ಹಿಡಿಯಿರಿ, ಅದರ ಉಗುರಿನಷ್ಟೇ ಅಗಲ. ಸುಳ್ಳು ಅನಿಸಿದರೆ ಈ ಸಾಲಿನ ಒಂದು ಅಕ್ಷರದ ಮೇಲೆ ಕಣ್ಣು ನಿಲ್ಲಿಸಿ, ಕದಲಿಸದೆ ಮೂರನೇ ಪದ ಓದಲು ನೋಡಿ.

ಪ್ಲಸ್ ಟು ಹುಡುಗಿ

ಓದಲು ಆಗಲೇ ಇಲ್ಲ!! ಮತ್ತೆ ಇಡೀ ಪುಟ ಸ್ಪಷ್ಟವಾಗಿದೆ ಅಂತ ಯಾಕೆ ಅನಿಸುತ್ತದೆ?

ಕನ್ನಡಕದಂಗಡಿ, ಕುಂಬಳೆ

ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತದೆ ತಂಗಿ. ನಿನಗೆ ಬೇಕಾದ ಕಡೆಗೆ ಆ ಸ್ಪಷ್ಟ ಜಾಗ ಆಗಲೇ ಹೋಗಿರುತ್ತದೆ. ಜಿಗಿಯುವಾಗಿನ ಮಸುಕನ್ನು ಮೆದುಳು ನಮಗೆ ತೋರಿಸುವುದಿಲ್ಲ. ಕನ್ನಡಿಯ ಎದುರು ನಿಂತು ನಿನ್ನ ಎಡಗಣ್ಣು ನೋಡು, ಆಮೇಲೆ ಬಲಗಣ್ಣು ನೋಡು. ನಿನ್ನ ಕಣ್ಣು ಕದಲುವುದು ನಿನಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಯ ಆಸುಪಾಸು ಇವೆ, ಹೊರಗೆ ಹೋಗುವ ನರದ ಎಳೆಗಳು ಸುಮಾರು 10 ಲಕ್ಷ. ಅಷ್ಟರಲ್ಲೇ ಕೆಲಸ ನಡೆಯಬೇಕು. ಟೀಚರ್ ಮೊದಲು ಕೇಳಿದ ಗೆರೆಯ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ಬಂದ ಸ್ವಲ್ಪ ಸುದ್ದಿಯಿಂದ ಪೂರ್ತಿ ನೋಟವನ್ನು ಕಟ್ಟುವುದು ಮೆದುಳು. ಅಕ್ಕಪಕ್ಕದಲ್ಲಿ ಗೆರೆ ಇದ್ದರೆ ನಡುವೆಯೂ ಗೆರೆ ಇದೆ ಅಂತಲೇ ಅದು ಕಟ್ಟುತ್ತದೆ.

ಕಡಲಬದಿ, ಮಂಜೇಶ್ವರ

ನೀಲಿ ಆಕಾಶ ನೋಡುವಾಗ ಸಣ್ಣ ಹೊಳೆಯುವ ಚುಕ್ಕೆಗಳು ಓಡಾಡುತ್ತವಲ್ಲ, ಅದು ಏನು? ದೋಣಿಯಲ್ಲಿ ಮಲಗಿದಾಗ ಕಾಣುತ್ತದೆ.

ಕನ್ನಡಕದಂಗಡಿ, ಕುಂಬಳೆ

ಅದು ನಿಮ್ಮದೇ ಬಿಳಿ ರಕ್ತಕಣ! ರೆಟಿನಾದ ಎದುರಿನ ಸಪುರ ರಕ್ತನಾಳಗಳಲ್ಲಿ ಕೆಂಪು ಕಣಗಳು ನೀಲಿ ಬೆಳಕನ್ನು ಹೀರುತ್ತವೆ, ಬಿಳಿ ಕಣ ಬಿಡುತ್ತದೆ. ಅದು ಹಾದುಹೋಗುವಾಗ ಒಂದು ಹೊಳಪು. ಗಮನಿಸಿದರೆ ನಾಡಿ ಬಡಿತದ ಜೊತೆ ವೇಗ ಏರುತ್ತದೆ. ಕೂದಲೆಳೆ, ಬಲೆಯ ತುಂಡಿನ ಹಾಗೆ ತೇಲುವುದು ಬೇರೆ. ಅದು ಕಣ್ಣೊಳಗಿನ ಲೋಳೆಯಲ್ಲಿ ಇರುವ ಎಳೆಗಳ ನೆರಳು, ಒಂದೆರಡು ಎಲ್ಲರಿಗೂ ಇರುತ್ತದೆ. ಆದರೆ ಅಂಥವು ಇದ್ದಕ್ಕಿದ್ದಂತೆ ರಾಶಿ ಬಂದರೆ, ಮಿಂಚು ಹೊಡೆದ ಹಾಗಾದರೆ, ಒಂದು ಬದಿಯಿಂದ ಪರದೆ ಇಳಿದಂತೆ ಆದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ರೆಟಿನಾ ಬಿಟ್ಟುಕೊಳ್ಳುತ್ತಿರಬಹುದು, ತಡ ಮಾಡಬಾರದು.

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ಎರಡು ಕಣ್ಣು ಒಟ್ಟಿಗೆ ಮಾಡುವ ಕೆಲಸಕ್ಕೆ ನನ್ನ ಬಳಿ ಒಂದಿದೆ. ಒಂದು ಗೋಟಡಿಕೆಗೆ ಹುರಿ ಕಟ್ಟಿ ಬಾಗಿಲ ದಾರಂದಕ್ಕೆ ತೂಗುಹಾಕಿ. ಎಡಬಲಕ್ಕೆ ಮಾತ್ರ ಆಡುವಂತೆ ಬಿಡಿ. ಎರಡು ಮೂರು ಮೀಟರ್ ದೂರ ನಿಂತು, ತಂಪು ಕನ್ನಡಕದ ಒಂದು ಗಾಜನ್ನು ಬಲಗಣ್ಣಿಗೆ ಮಾತ್ರ ಹಿಡಿದು, ಎರಡೂ ಕಣ್ಣು ತೆರೆದು ನೋಡಿ.

ಪ್ಲಸ್ ಟು ಹುಡುಗಿ

ಮಾಷ್ಟ್ರೇ, ಅಡಿಕೆ ಸುತ್ತ ತಿರುಗುತ್ತಿದೆ! ಎಡದಿಂದ ಬಲಕ್ಕೆ ಹೋಗುವಾಗ ನನ್ನ ಹತ್ತಿರ ಬರುತ್ತದೆ, ವಾಪಸು ಹೋಗುವಾಗ ದೂರ. ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿದೆ. ಅವರಿಗೆ ಗಾಜಿಲ್ಲದೆ ನೇರವಾಗಿ ಆಡುವುದೇ ಕಾಣುತ್ತದೆ. ಗಾಜನ್ನು ಎಡಗಣ್ಣಿಗೆ ಬದಲಿಸಿದರೆ ಸುತ್ತು ಉಲ್ಟಾ ಆಗುತ್ತದೆ. ಒಂದು ಕಣ್ಣು ಮುಚ್ಚಿದರೆ ಸುತ್ತುವುದೇ ಇಲ್ಲ.

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ಚೆನ್ನಾಗಿ ಪರೀಕ್ಷೆ ಮಾಡಿದ್ದೀ ಮಗಳೇ. ಬೆಳಕು ಕಡಿಮೆ ಬಿದ್ದ ಕಣ್ಣಿನ ಸುದ್ದಿ ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ತಡವಾಗಿ ಹೋಗುತ್ತದೆ. ಹಾಗಾಗಿ ಎರಡು ಕಣ್ಣಿಗೂ ಅಡಿಕೆ ಬೇರೆ ಬೇರೆ ಜಾಗದಲ್ಲಿ ಕಾಣುತ್ತದೆ. ಆ ವ್ಯತ್ಯಾಸವನ್ನು ಮೆದುಳು ‘ಹತ್ತಿರ, ದೂರ’ ಅಂತ ಓದುತ್ತದೆ. ಜರ್ಮನಿಯ ಕಾರ್ಲ್ ಪುಲ್ಫ್ರಿಚ್ 1922ರಲ್ಲಿ ಇದನ್ನು ವಿವರಿಸಿದ. ಅವನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಾನು ವಿವರಿಸಿದ್ದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ.

ವಿಜ್ಞಾನ ಟೀಚರ್, ಬದಿಯಡ್ಕ

ಸೋಮವಾರ ತರಗತಿಗೆ ಇದರಿಂದಲೇ ಶುರು ಮಾಡುತ್ತೇನೆ. ಗಾಜು ಎಡಗಣ್ಣಿಗೆ ಹಿಡಿದರೆ ಯಾವ ಕಡೆ ಸುತ್ತುತ್ತದೆ ಅಂತ ಮೊದಲೇ ಊಹಿಸಿ ಬರೆಯಿಸಿ, ಆಮೇಲೆ ಅಡಿಕೆ ಬಿಡುವುದು. ಪೆರ್ಲದ ಅಣ್ಣಾ, ನಿಮ್ಮ ತೋಟದ ನಾಲ್ಕು ಗೋಟಡಿಕೆ, ಎರಡು ಹಣ್ಣಡಿಕೆ, ಎರಡು ಹಸಿ ಕಾಯಿ ಕೊಡಬಹುದಾ? ಕೆಂಪು ಕಾಗದ ನಾನು ತರುತ್ತೇನೆ.

ಕೃಷಿಕ, ಪೆರ್ಲ

ಖಂಡಿತ ಟೀಚರ್. ಭಾನುವಾರ ಬದಿಯಡ್ಕ ಪೇಟೆಗೆ ಬರುವವನಿದ್ದೇನೆ, ತಂದುಕೊಡುತ್ತೇನೆ. ಹಣ್ಣು ಯಾವುದು, ಕಾಯಿ ಯಾವುದು ಅಂತ ತಮ್ಮನ ಹತ್ತಿರ ಚೀಟಿ ಅಂಟಿಸಿಸುತ್ತೇನೆ.